ಉದುರದ ಕೂದಲು, ಬಿಡದ ಬಾಚಣಿಗೆ

ಪೂಡಲ್ ಮಿಶ್ರತಳಿಯ ಮರಿ ತರುವ ಆಸೆ ಹುಟ್ಟಿದವರು ಬೆಲೆಗಿಂತ ಮೊದಲು ಕೂದಲಿನ ವಿಚಾರ ಕೇಳಬೇಕು. ಲ್ಯಾಬ್ರಡೂಡಲ್, ಕಾಕಪೂ, ಕವಪೂ ಎಂಬ ಮುದ್ದು ಹೆಸರುಗಳ ಈ ಗುಂಗುರು ನಾಯಿಗಳು ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಬಂದಾಗಿದೆ. ಅಲ್ಲಿಂದ ನಮ್ಮ ಹಾಸನ ಜಿಲ್ಲೆಯ ಅರಸೀಕೆರೆ ಜಂಕ್ಷನ್ನಿಗೆ ರೈಲಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಹಬ್ಬಕ್ಕೆ ಊರಿಗೆ ಬಂದ ಮಗ-ಸೊಸೆ, "ಅಮ್ಮಾ, ಇದು ನಿಮ್ಮ ಹತ್ರಾನೇ ಇರ್ಲಿ, ಇಲ್ಲಿ ಆದ್ರೆ ಓಡಾಡ್ಕೊಂಡು ಇರುತ್ತೆ" ಅಂದರೆ ಏನು ಹೇಳಬೇಕು?

ಈ ನಾಯಿಗಳ ಖ್ಯಾತಿ ಶುರುವಾದದ್ದು 1980ರ ದಶಕದ ಕೊನೆಯಲ್ಲಿ, ಆಸ್ಟ್ರೇಲಿಯಾದಲ್ಲಿ. ಅಂಧರಿಗೆ ದಾರಿ ತೋರುವ ನಾಯಿಗಳನ್ನು ಬೆಳೆಸುವ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್‌ಗೆ ಹವಾಯಿಯ ಮಹಿಳೆಯೊಬ್ಬರಿಂದ ಕೋರಿಕೆ ಬಂತು. ಆಕೆಗೆ ನಾಯಿ ಬೇಕು, ಗಂಡನಿಗೆ ನಾಯಿಯೆಂದರೆ ಅಲರ್ಜಿ. ಕಾನ್ರನ್ ಲ್ಯಾಬ್ರಡಾರನ್ನು ಪೂಡಲ್ ಜೊತೆ ಕೂಡಿಸಿದರು. ಮೂರು ಮರಿ ಹುಟ್ಟಿದವು. ಅವುಗಳ ಕೂದಲು, ಜೊಲ್ಲಿನ ಮಾದರಿಗಳನ್ನು ಹವಾಯಿಗೆ ಕಳಿಸಿ ನೋಡಿದಾಗ ಆತನಿಗೆ ತೊಂದರೆ ಕೊಡದ ಮರಿ ಒಂದೇ ಒಂದು. ಉಳಿದೆರಡರ ಕಥೆಯನ್ನು ಮಾರಾಟಗಾರರು ಯಾರೂ ಹೇಳುವುದಿಲ್ಲ! ಈ ತಳಿಯ ಹೆಸರಲ್ಲಿ ನಡೆದ ವ್ಯಾಪಾರ ನೋಡಿ, ಇದೇ ತಾನು ಜೀವನದಲ್ಲಿ ಪಶ್ಚಾತ್ತಾಪ ಪಡುವ ಕೆಲಸ ಎಂದು ಕಾನ್ರನ್ 2019ರಲ್ಲಿ ಹೇಳಿಕೊಂಡರು.

ಅಲರ್ಜಿಗೆ ಕಾರಣ ಕೂದಲಲ್ಲ. ನಾಯಿಯ ಜೊಲ್ಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುವ ಪ್ರೋಟೀನುಗಳು. ಅವುಗಳಲ್ಲಿ ಮುಖ್ಯವಾದದ್ದು ಕ್ಯಾನ್ ಎಫ್ 1. ನೆದರ್ಲೆಂಡ್ಸ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲರ್ಜಿ ತರುವುದಿಲ್ಲವೆಂದು ಹೆಸರಾದ ತಳಿಗಳ ಕೂದಲಿನಲ್ಲೇ ಈ ಪ್ರೋಟೀನು ಹೆಚ್ಚಿತ್ತು. ಮನೆಯ ಗಾಳಿಯಲ್ಲಿ ಅದರ ಪ್ರಮಾಣವೂ ತಳಿಯಿಂದ ತಳಿಗೆ ಬದಲಾಗಲಿಲ್ಲ. ಆದ್ದರಿಂದ ಮನೆಯಲ್ಲಿ ಉಬ್ಬಸದವರಿದ್ದರೆ ತಳಿಯ ಹೆಸರು ನಂಬಿ ಮುಂಗಡ ಕೊಡಬಾರದು. ಅದೇ ಮರಿಯ ಜೊತೆ ನಾಲ್ಕಾರು ಸಲ ಗಂಟೆಗಟ್ಟಲೆ ಕೂತು ನೋಡಬೇಕು.

ಕೂದಲು ಉದುರದಿರುವುದು ಮಾತ್ರ ಬಹುಮಟ್ಟಿಗೆ ನಿಜ. ಲ್ಯಾಬ್ರಡಾರಿನ ಕೂದಲು ಸ್ವಲ್ಪ ಬೆಳೆದು, ನಿಂತು, ಬೀಳುತ್ತದೆ. ಪೂಡಲಿನದು ಬೆಳೆಯುತ್ತಲೇ ಹೋಗುತ್ತದೆ. 2009ರಲ್ಲಿ 80 ತಳಿಗಳ ಸಾವಿರಕ್ಕೂ ಹೆಚ್ಚು ನಾಯಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ನಾಯಿಗಳ ಕೂದಲಿನ ಬಹುಪಾಲು ವೈವಿಧ್ಯಕ್ಕೆ ಮೂರೇ ಜೀನುಗಳು ಕಾರಣ ಎಂದು ಕಂಡುಕೊಂಡರು: ಒಂದು ಗಡ್ಡ-ಹುಬ್ಬಿಗೆ, ಒಂದು ಉದ್ದಕ್ಕೆ, ಇನ್ನೊಂದು ಗುಂಗುರಿಗೆ. ಮಿಶ್ರತಳಿಗಳನ್ನೇ ಮತ್ತೆ ಕೂಡಿಸಿದರೆ ಈ ಮೂರೂ ಬೇರೆ ಬೇರೆಯಾಗಿ ಹಂಚಿಹೋಗುತ್ತವೆ. ಒಂದೇ ಸೂಲಿನಲ್ಲಿ ಒಂದು ಮರಿ ಗುಂಗುರು, ಪಕ್ಕದ್ದು ಸೋಫಾ ತುಂಬ ಕೂದಲು ಉದುರಿಸುವಂಥದ್ದು ಆಗಬಹುದು.

ಇನ್ನು ಉದುರದ ಕೂದಲಿನ ಫಜೀತಿ. ಅರಸೀಕೆರೆ ಬಯಲುಸೀಮೆ. ತೆಂಗಿನ ತೋಟದ ಬದುವಿಗೆ ಹೋಗಿಬಂದರೆ ಉತ್ತರಾಣಿ ಕಾಳು ಪಂಚೆಗೇ ಕಚ್ಚಿಕೊಳ್ಳುತ್ತದೆ, ಗುಂಗುರು ಕೂದಲನ್ನು ಬಿಟ್ಟೀತೆ? ಬೇಲೂರಿನ ಪಶ್ಚಿಮಕ್ಕೆ ಕಾಫಿ ತೋಟಗಳು, ತಿಂಗಳುಗಟ್ಟಲೆ ಮಳೆ. ನೆನೆದ ಕೂದಲನ್ನು ಬಾಚದೆ ಬಿಟ್ಟರೆ ಬುಡದಲ್ಲಿ ಜಡೆಗಟ್ಟಿ, ಅದರಡಿಯ ಚರ್ಮ ಹುಣ್ಣಾಗುತ್ತದೆ. ಜೋಲು ಕಿವಿಯೊಳಗೂ ಕೂದಲು ಬೆಳೆಯುವುದರಿಂದ ತೇವ ಆರದೆ ಕಿವಿ ಸೋರುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಉಣುಗು. ಗಿಡ್ಡಗೂದಲಿನ ನಾಯಿಯ ಮೈಮೇಲಾದರೆ ಕಣ್ಣಿಗೆ ಬೀಳುವ ಉಣುಗು ಇಲ್ಲಿ ದಿನಗಟ್ಟಲೆ ಅವಿತಿರುತ್ತದೆ. ಅದು ಎರ್ಲಿಕಿಯಾ, ಬಬೇಸಿಯಾ ಎಂಬ ರೋಗಾಣುಗಳನ್ನು ರಕ್ತಕ್ಕೆ ಬಿಡುತ್ತದೆ. ಜ್ವರ, ಊಟ ಬಿಡುವುದು, ಪ್ಲೇಟ್‌ಲೆಟ್ ಕುಸಿದು ಮೂಗಿನಲ್ಲಿ ರಕ್ತ. ತಡವಾದರೆ ಜೀವಕ್ಕೇ ಅಪಾಯ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇನೋ ಇದೆ. ಆದರೆ ಅರಸೀಕೆರೆಯಿಂದಲೂ ಬೇಲೂರಿನಿಂದಲೂ ಅಲ್ಲಿಗೆ ನಲವತ್ತು ಕಿಲೋಮೀಟರಿನಷ್ಟು ದೂರ.

ಹಾಗಾಗಿ ಲೆಕ್ಕ ಹೀಗೆ: ದಿನಾ ಬಾಚಣಿಗೆ, ಆರೆಂಟು ವಾರಕ್ಕೊಮ್ಮೆ ಕತ್ತರಿ, ಉಣುಗಿಗೆ ತಪ್ಪದೆ ಔಷಧ. ಕ್ಷೌರವನ್ನು ಮನೆಯಲ್ಲೇ ಕಲಿತರೆ ವಾಸಿ.

ಸ್ವಭಾವ? ಪೂಡಲ್ ನೋಡಲು ಆಟಿಕೆಯಂತಿದ್ದರೂ ಅದರ ಮೂಲ ಕಸುಬು ಬೇಟೆಗಾರ ಹೊಡೆದ ಬಾತುಗಳನ್ನು ನೀರಿನಿಂದ ಹೆಕ್ಕಿ ತರುವುದು. ಲ್ಯಾಬ್ರಡಾರೂ ಕಾಕರ್ ಸ್ಪೇನಿಯಲ್ಲೂ ಬೇಟೆಯ ಜೊತೆಗಾರರೇ. ಎರಡು ಕಡೆಯಿಂದಲೂ ಚುರುಕುತನ ಬಂದ ಮರಿಯನ್ನು ದಿನವಿಡೀ ಕಟ್ಟಿಹಾಕಿದರೆ ಬೊಗಳಿ ಬೀದಿಯ ನಿದ್ದೆ ಕೆಡಿಸುತ್ತದೆ. ದ್ವಾರಸಮುದ್ರದ ಕೆರೆ ಏರಿಯ ಮೇಲೆ ಬೆಳಿಗ್ಗೆ ಸಂಜೆ ನಡೆಸುವವರಿದ್ದರೆ ಹಳೇಬೀಡು ಅದಕ್ಕೆ ಸ್ವರ್ಗವೇ ಸರಿ. ಮಿಶ್ರತಳಿಯಾದ್ದರಿಂದ ಕಾಯಿಲೆ ಕಡಿಮೆ ಎಂಬ ಮಾತನ್ನೂ ಪೂರ್ತಿ ನಂಬಬೇಕಿಲ್ಲ. 2024ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ, ಈ ನಾಯಿಗಳಿಗೂ ಅವುಗಳ ಮೂಲತಳಿಗಳಿಗೂ ಹೆಚ್ಚಿನ ಕಾಯಿಲೆಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಚಿರತೆಯನ್ನು ಮರೆಯುವಂತಿಲ್ಲ. ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ ನಡೆದ ಅಧ್ಯಯನದ ಪ್ರಕಾರ, ಅಲ್ಲಿನ ಚಿರತೆಗಳ ಆಹಾರದ ತೂಕದಲ್ಲಿ ಶೇ 39ರಷ್ಟು ಸಾಕುನಾಯಿ, ಬೀದಿನಾಯಿಗಳದೇ. ಅರಸೀಕೆರೆ ಸುತ್ತಿನ ಕುರುಚಲು ಗುಡ್ಡಗಳಲ್ಲೂ ಚಿರತೆಗಳಿವೆ. ಜಗಲಿಯಲ್ಲಿ ಕಟ್ಟಿದ ನಾಯಿ ಅದಕ್ಕೆ ಸುಲಭದ ತುತ್ತು. ಯಾವ ತಳಿಯೇ ಆಗಲಿ, ರಾತ್ರಿ ಬಾಗಿಲೊಳಗೆ ಮಲಗಬೇಕು.

ಪೇಟೆಯೊಳಗಿನ ಮನೆ, ಬಾಚುವುದಕ್ಕೆ ಬೇಸರಿಸದ ಒಬ್ಬರು, ಹಾಸನಕ್ಕೆ ಓಡಾಡಲು ವಾಹನ: ಇಷ್ಟಿದ್ದರೆ ಪೂಡಲ್ ಮಿಶ್ರತಳಿ ಒಳ್ಳೆಯ ಜೊತೆಗಾರನೇ. 2017ರ ನಿಯಮದಂತೆ ನಾಯಿಮರಿ ಮಾರುವವರು ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ನೋಂದಣಿ ಪತ್ರವನ್ನೂ ತಾಯಿನಾಯಿಯನ್ನೂ ತೋರಿಸದವರಿಂದ ಕೊಳ್ಳಬೇಡಿ. ತೋಟದ ಮನೆಗೆ ಕಾವಲಿಗೊಂದು ನಾಯಿ ಬೇಕಾದವರಿಗೆ ಬೀದಿಯಲ್ಲಿ ಹುಟ್ಟಿದ ಗಿಡ್ಡಗೂದಲಿನ ನಾಡುಮರಿಯೇ ಮೇಲು. ಅದಕ್ಕೆ ಬೇಕಾದ್ದು ರೇಬೀಸ್ ಲಸಿಕೆ, ಸಂತಾನಹರಣ ಚಿಕಿತ್ಸೆ, ಎರಡು ಹೊತ್ತು ಊಟ.