ಡೈ ತೂತಿನಲ್ಲಿದೆ ಪೆಲೆಟ್ಟಿನ ಗುಟ್ಟು

ಕಟ್ಟಿ ಸಾಕುವ ಕುರಿಗಳ ಮುಂದೆ ಜೋಳದ ನುಚ್ಚು, ಕಡಲೆಕಾಯಿ ಹಿಂಡಿ, ತೊಗರಿ ಹೊಟ್ಟು ಕಲಸಿ ಬಾನಿಗೆ ಸುರಿದು ನೋಡಿ. ಮೂತಿಯಲ್ಲೇ ಕೆದಕಿ ನುಚ್ಚು, ಹಿಂಡಿ ಆರಿಸಿ ತಿಂದು ಹೊಟ್ಟನ್ನು ಹಾಗೇ ಬಿಡುತ್ತವೆ. ತೌಡು ಹಾಕಿದರೆ ಗಾಳಿಗೆ ಹಾರುತ್ತದೆ, ಕಾಲಿಗೆ ಸಿಕ್ಕಿದ್ದು ಗಂಜಲದ ಪಾಲಾಗುತ್ತದೆ. ಅದೇ ಮಿಶ್ರಣ ಪೆನ್ಸಿಲ್ ದಪ್ಪದ ಗುಳಿಗೆಯಾಗಿ, ಅಂದರೆ ಪೆಲೆಟ್ ಆಗಿ ಬಿದ್ದರೆ ಆರಿಸಲು ದಾರಿಯೇ ಇಲ್ಲ. ಪ್ರತಿ ತುತ್ತಿನಲ್ಲೂ ಎಲ್ಲವೂ ಹೊಟ್ಟೆಗೆ ಹೋಗುತ್ತದೆ. ಪೆಲೆಟ್ ಮಾಡಿದ ಮಾತ್ರಕ್ಕೆ ಕಳಪೆ ಮೇವು ಒಳ್ಳೆಯದಾಗುವುದಿಲ್ಲ. ಪೋಲಾಗುವುದು ತಪ್ಪುತ್ತದೆ, ರೈತನ ಲಾಭ ಅಲ್ಲಿದೆ.

ಶಿರಾದಲ್ಲಿ ನನ್ನದು ಲೇತ್ ಮತ್ತು ವೆಲ್ಡಿಂಗ್ ಕೆಲಸ. ನಮ್ಮ ಸುತ್ತಮುತ್ತ ಕುರಿ ಸಾಕುವವರು ಹೆಚ್ಚು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂಡಿ ಸಿಗುತ್ತದೆ, ಹೊಲದಲ್ಲಿ ಕಡಲೆಕಾಯಿ ಬಳ್ಳಿ ಇದ್ದೇ ಇರುತ್ತದೆ. ಪೆಲೆಟ್ ಯಂತ್ರ ಮಾಡಿಸಲು ಬಂದವರು ಮೊದಲು ಕೇಳುವುದು, “ಅಣ್ಣಾ, ಎಷ್ಟು ಎಚ್‌ಪಿ ಮೋಟ್ರು ಹಾಕ್ಬೇಕು?” ನಾನು ಹೇಳುವುದು, “ಮೊದ್ಲು ಏನು ಹಾಕ್ತೀಯೋ ಅದನ್ನ ಒಂದು ಚೀಲ ತಗೊಂಡು ಬಾರಪ್ಪಾ.” ಮೇವು ನೋಡದೆ ಡೈ ಕೊರೆಯಲಾಗದು, ಡೈ ತಪ್ಪಿದರೆ ಯಾವ ಮೋಟರೂ ಯಂತ್ರವನ್ನು ಉಳಿಸದು.

ಯಂತ್ರದ ಕೆಲಸ ಹೀಗೆ. ದಪ್ಪನೆಯ ಉಕ್ಕಿನ ಬಿಲ್ಲೆ, ಅದರ ತುಂಬ ತೂತು. ಅದೇ ಡೈ. ಮೇಲೆ ಎರಡು ರೋಲರ್. ಡೈ ತಿರುಗಿದಂತೆ ರೋಲರ್‌ಗಳು ಮೇವಿನ ಹಿಟ್ಟನ್ನು ತೂತಿಗೆ ಒತ್ತುತ್ತವೆ. ತೂತಿನ ಗೋಡೆಗೆ ಉಜ್ಜಿಕೊಂಡು ಇಳಿಯುವಾಗ ಹಿಟ್ಟು ಬಿಸಿಯಾಗುತ್ತದೆ. ಬಿಸಿ, ತೇವ, ಒತ್ತಡ ಮೂರೂ ಸೇರಿ ಜೋಳದ ಪಿಷ್ಟವೇ ಅಂಟಾಗುತ್ತದೆ. ಕೆಳಗೆ ಇಳಿದದ್ದನ್ನು ಚಾಕು ಕತ್ತರಿಸುತ್ತದೆ.

ಇಲ್ಲಿ ಲೆಕ್ಕಕ್ಕೆ ಬರುವುದು ತೂತಿನ ಉದ್ದ ಅದರ ಅಡ್ಡಳತೆಯ ಎಷ್ಟು ಪಟ್ಟು ಎಂಬುದು. 6 ಮಿ.ಮೀ. ತೂತು, 30 ಮಿ.ಮೀ. ದಪ್ಪದ ಡೈ ಆದರೆ 5 ಪಟ್ಟು. ಉದ್ದ ಸಾಲದಿದ್ದರೆ ಹಿಟ್ಟು ಹಿಟ್ಟಾಗಿಯೇ ಉದುರುತ್ತದೆ. ಹೆಚ್ಚಾದರೆ ತೂತು ಕಟ್ಟಿ, ಬೆಲ್ಟು ಜಾರಿ, ಮೋಟರ್ ಗೊರಗೊರ ಅನ್ನುತ್ತದೆ. ನುಚ್ಚು ಹೆಚ್ಚಿರುವ ಮೇವಿಗೆ ಒಂದು ಅಳತೆ, ಹೊಟ್ಟು ಹೆಚ್ಚಿರುವುದಕ್ಕೆ ಇನ್ನೊಂದು. ಅದಕ್ಕೇ ನಾನು ಡೈಯನ್ನು ಸ್ವಲ್ಪ ದಪ್ಪವಾಗಿಯೇ ಇಟ್ಟು, ರೈತ ತಂದ ಚೀಲದ ಮೇವನ್ನೇ ಹಾಕಿ ಓಡಿಸುತ್ತೇನೆ. ಕಟ್ಟಿಕೊಂಡರೆ ಪ್ರತಿ ತೂತಿಗೂ ಅಡಿಯಿಂದ ದೊಡ್ಡ ಡ್ರಿಲ್ ಬಿಟ್ಟು ಕೆಲವು ಮಿ.ಮೀ. ಅಗಲಿಸುತ್ತೇನೆ. ಒತ್ತುವ ಉದ್ದ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ. ಲೋಹ ತೆಗೆಯಬಹುದು, ಸೇರಿಸಲಾಗದು.

ಎರಡನೆಯದು ತೇವ. ಮೇವಿಗೆ ನೂರಕ್ಕೆ ಸುಮಾರು 15ರಷ್ಟು ತೇವ ಇದ್ದರೆ ಚೆನ್ನ. 100 ಗ್ರಾಂ ತೂಗಿ, ತೂಕ ಇಳಿಯುವುದು ನಿಲ್ಲುವವರೆಗೆ ಸಣ್ಣ ಬಿಸಿಯಲ್ಲಿ ಒಣಗಿಸಿ. ಎಷ್ಟು ಗ್ರಾಂ ಇಳಿಯಿತೋ ಅಷ್ಟೇ ತೇವದ ಶೇಕಡಾ. ಕೈ ರೂಢಿಯಾದವರು ಮುಷ್ಟಿಯಲ್ಲಿ ಹಿಸುಕುತ್ತಾರೆ: ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು.

ಇನ್ನು ಕಟ್ಟುವ ಕೆಲಸ. ಗುಜರಿಯಲ್ಲಿ ಸಿಗುವ ಹಳೆಯ ಜೀಪಿನ ಹಿಂದಿನ ಆಕ್ಸಲ್ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಕಡೆಯ ಕೊಳವೆ ಕತ್ತರಿಸಿ, ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ, ಚಕ್ರ ಕೂರುತ್ತಿದ್ದ ಜಾಗದಲ್ಲಿ ಡೈ ಕೂರಿಸುತ್ತೇವೆ. 1440 ಸುತ್ತಿನ ಮೋಟರಿಗೆ ಸಣ್ಣ ಪುಲ್ಲಿ, ಆಕ್ಸಲ್ಲಿನ ಪಿನಿಯನ್‌ಗೆ ಎರಡರಷ್ಟು ದೊಡ್ಡದು, ಅಲ್ಲಿಗೆ 720. ಒಳಗಿನ ಕ್ರೌನ್ ಪಿನಿಯನ್ ಗೇರು ಅದನ್ನು ನಾಲ್ಕೂವರೆ ಪಟ್ಟು ಇಳಿಸಿದರೆ ಡೈ ನಿಮಿಷಕ್ಕೆ 160 ಸುತ್ತು. ಪುಲ್ಲಿ ಬಿಟ್ಟು ಟ್ರ್ಯಾಕ್ಟರಿನ ಹಿಂದೆ ತಿರುಗುವ 540 ಸುತ್ತಿನ ಪಿಟಿಒ ಶಾಫ್ಟನ್ನೇ ನೇರ ಜೋಡಿಸಿದರೆ 120. ಎರಡೂ ನಡೆಯುತ್ತದೆ.

ಒಳಗಿನ ಒಂದು ವಿಷಯ ಮಾತ್ರ ಮರೆಯಬಾರದು. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲೆಂದು ಡಿಫರೆನ್ಷಿಯಲ್ ಒಳಗೆ ಸಣ್ಣ ಗೇರುಗಳಿರುತ್ತವೆ. ಅವನ್ನು ಹಾಗೇ ಬಿಟ್ಟರೆ ಡೈ ಮೇಲೆ ಭಾರ ಬಿದ್ದ ಕೂಡಲೇ ಶಕ್ತಿಯೆಲ್ಲ ಖಾಲಿ ಇರುವ ಕಡೆಗೆ ಹೋಗಿ ಡೈ ನಿಂತುಬಿಡುತ್ತದೆ. ಆ ಗೇರುಗಳನ್ನು ವೆಲ್ಡ್ ಮಾಡಿ ಕಟ್ಟಿಹಾಕಬೇಕು. ಆಕ್ಸಲ್ ನಿಂತಿರುವುದರಿಂದ ಮೇಲಿನ ಬೇರಿಂಗಿಗೆ ಆಯಿಲ್ ತಲುಪದು. ಅದಕ್ಕೆ ಬೇರೆ ಗ್ರೀಸ್ ದಾರಿ ಮಾಡಿ, ಮೇವಿಗೆ ಜಿನುಗದಂತೆ ಒಳ್ಳೆಯ ಸೀಲ್ ಹಾಕಬೇಕು.

ಸಾದಾ ಮೈಲ್ಡ್ ಸ್ಟೀಲಿನ ಡೈ ಬೇಗ ಸವೆಯುತ್ತದೆ. ಇಎನ್-31ರಂಥ ಉಕ್ಕಿನಲ್ಲಿ ತೂತು ಕೊರೆದು, ಬಾಯಿ ಅಗಲಿಸಿ, ರೀಮರ್ ಹಾಕಿ, ಮೇವು ಓಡಿಸಿ ಅಳತೆ ಸರಿಮಾಡಿದ ಮೇಲೆಯೇ ಗಟ್ಟಿಯಾಗಲೆಂದು ಬೆಂಗಳೂರಿನ ಪೀಣ್ಯಕ್ಕೆ ಹೀಟ್ ಟ್ರೀಟ್‌ಮೆಂಟಿಗೆ ಕಳಿಸುತ್ತೇನೆ. ಬಂದ ಮೇಲೆ ಎಣ್ಣೆ ಕಲಸಿದ ತೌಡಿಗೆ ನುಣ್ಣನೆಯ ಮರಳು ಬೆರೆಸಿ ಓಡಿಸಿದರೆ ತೂತಿನ ಒಳಮೈ ನುಣುಪಾಗುತ್ತದೆ. ಆ ತೌಡನ್ನು ಚೆಲ್ಲಬೇಕು. ರೋಲರ್ ಮತ್ತು ಡೈ ನಡುವೆ ಒಂದು ಕಾಗದ ನುಸುಳುವಷ್ಟು ಸಂದು ಸಾಕು. ಕೆಲಸ ಮುಗಿಸುವಾಗ ಮರಳಿಲ್ಲದ ಎಣ್ಣೆ ತೌಡು ತುಂಬಿಸಿ ನಿಲ್ಲಿಸಿ. ಇಲ್ಲದಿದ್ದರೆ ತೂತಿನಲ್ಲಿ ಉಳಿದ ಹಿಟ್ಟು ಕಲ್ಲಾಗುತ್ತದೆ.

“ಒಲೆಗೆ ಉರಿಸೋಕೆ ಇದರಲ್ಲೇ ಸಾಮಿಲ್ಲಿನ ಪುಡಿನೂ ಹಾಕಬಹುದಾ?” ಅಂತ ಕೇಳುವವರಿದ್ದಾರೆ. ಬೇಡ ಅನ್ನುತ್ತೇನೆ. ಮರದಲ್ಲಿ ಪಿಷ್ಟದ ಅಂಟಿಲ್ಲ. ಅದರೊಳಗಿನ ಲಿಗ್ನಿನ್ ಮೆತ್ತಗಾಗಿ ಹಿಡಿದುಕೊಳ್ಳಲು ನೀರು ಕುದಿಯುವಷ್ಟು ಬಿಸಿ ಬೇಕು. ಅದಕ್ಕೆ ತಕ್ಕ ಡೈ ಬೇರೆ, ಬೇರಿಂಗ್ ಬೇರೆ, ತೇವವೂ ನೂರಕ್ಕೆ 10ರಿಂದ 15ರ ಒಳಗೇ ಇರಬೇಕು. ಮೇಲಾಗಿ ಸಾಮಿಲ್ಲಿನ ಪುಡಿಯಲ್ಲಿ ಪ್ಲೈವುಡ್ ಅಂಟು, ಔಷಧಿ ಹೊಡೆದ ಮರ ಏನು ಬೆರೆತಿದೆಯೋ. ಒಲೆಗೆ ಹಾಕುವುದಕ್ಕೂ ಬಾಯಿಗೆ ಹಾಕುವುದಕ್ಕೂ ಒಂದೇ ಡೈ ಸಲ್ಲದು.

ಸುರಕ್ಷತೆಯಲ್ಲಿ ರಾಜಿ ಬೇಡ. ಮೇವು ಸುರಿಯುವ ಹಾಪರ್ ಬಾಯಿಗೆ ಕೈ ತೂರದಂಥ ಜಾಲರಿ, ಬೆಲ್ಟಿಗೆ ಮುಚ್ಚಳ, ನಿಂತ ಜಾಗದಲ್ಲೇ ಕೈಗೆ ಸಿಗುವ ಸ್ವಿಚ್ ಇಲ್ಲದ ಯಂತ್ರವನ್ನು ನಾನು ಅಂಗಡಿಯಿಂದ ಹೊರಗೆ ಬಿಡುವುದಿಲ್ಲ. ಕಟ್ಟಿಕೊಂಡದ್ದನ್ನು ಬಿಡಿಸುವಾಗ ಮೇನ್ ಆಫ್ ಮಾಡಲೇಬೇಕು.

ಪೆಲೆಟ್ ಬಿಸಿಯಾಗಿ, ಮೆತ್ತಗೆ ಬೀಳುತ್ತದೆ. ನೆರಳಲ್ಲಿ ಹರವಿ ಪೂರ್ತಿ ಆರಿದ ಮೇಲೆ ಚೀಲಕ್ಕೆ ತುಂಬಿ. ಬಿಸಿಯಲ್ಲೇ ಕಟ್ಟಿದರೆ ಬೆವರಿ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಅಫ್ಲಟಾಕ್ಸಿನ್ ವಿಷ ಹಸು ತಿಂದ ಮೇವಿನಿಂದ ಹಾಲಿಗೂ ಇಳಿಯುತ್ತದೆ. ಮೆಲುಕು ಹಾಕಲು ಉದ್ದನೆಯ ಒಣಮೇವು ಪೆಲೆಟ್ ಜೊತೆಗೂ ಬೇಕು. ದನಕ್ಕೆಂದು ಮಾಡಿದ ಖನಿಜ ಮಿಶ್ರಣವನ್ನು ಕುರಿಗೆ ಹಾಕಬೇಡಿ, ತಾಮ್ರ ಹೆಚ್ಚಾದರೆ ಕುರಿ ತಡೆದುಕೊಳ್ಳದು. ಯಾವುದು ಎಷ್ಟು ಎಂಬುದನ್ನು ಪಶುವೈದ್ಯರನ್ನು ಕೇಳಿಯೇ ನಿರ್ಧರಿಸಿ.

ನಾಲ್ಕಾರು ಕುರಿ ಇರುವವರು ಒಬ್ಬರೇ ಯಂತ್ರ ಮಾಡಿಸುವುದು ದಂಡ. ಹತ್ತು ಮನೆಯವರು ಸೇರಿ ಒಂದು ಇಟ್ಟುಕೊಂಡರೆ ಹಿಟ್ಟಿನ ಗಿರಣಿಯ ಹಾಗೆ ದಿನವೂ ಓಡುತ್ತದೆ. ಡೈ ಎಂದಾದರೂ ಸವೆದೇ ಸವೆಯುತ್ತದೆ, ಬೇರಿಂಗ್ ಹೋಗುತ್ತದೆ. ಆಗ ಎಲ್ಲಿಂದಲೋ ಬಿಡಿಭಾಗ ಬರಲೆಂದು ಕಾಯಬೇಕಿಲ್ಲ. ಅಳತೆ ಬರೆದಿಟ್ಟ ಹಾಳೆ ಇದ್ದರೆ ಯಾವ ತಾಲ್ಲೂಕಿನ ಲೇತ್‌ನವರೂ ಹೊಸ ಡೈ ಕೊರೆದುಕೊಡಬಲ್ಲರು. ಯಂತ್ರದ ಜೊತೆ ಆ ಹಾಳೆಯನ್ನೂ ಕೇಳಿ ಪಡೆಯಿರಿ, ಅದು ಕೊಳ್ಳುವವರ ಹಕ್ಕು.