ಅಲೆಕ್ಸಮೆನೋಸನ ದೇವರು

ರೋಮಿನ ಪ್ಯಾಲಟೈನ್ ಗುಡ್ಡದ ಹಳೆಯ ಅರಮನೆಯ ಅವಶೇಷಗಳಲ್ಲಿ 1857ರಲ್ಲಿ ಒಂದು ಗಾರೆಗೋಡೆ ಸಿಕ್ಕಿತು. ಅದರ ಮೇಲೊಂದು ಗೀಚುಚಿತ್ರ. ಶಿಲುಬೆಗೇರಿಸಿದ ಮನುಷ್ಯ, ಅವನಿಗೆ ಕತ್ತೆಯ ತಲೆ. ಕೆಳಗೆ ಕೈಯೆತ್ತಿ ನಿಂತ ಇನ್ನೊಬ್ಬ. ಪಕ್ಕದಲ್ಲಿ ಸೊಟ್ಟ ಗ್ರೀಕ್ ಅಕ್ಷರಗಳು: ‘ಅಲೆಕ್ಸಮೆನೋಸ್ ದೇವರನ್ನು ಪೂಜಿಸುತ್ತಿದ್ದಾನೆ.’ ಸುಮಾರು ಕ್ರಿ.ಶ. 200ರದ್ದಿರಬೇಕು ಎಂಬುದು ಅನೇಕ ವಿದ್ವಾಂಸರ ಅಂದಾಜು. ಶಿಲುಬೆಯ ಮೇಲಿನ ಯೇಸುವಿನ ತೀರಾ ಹಳೆಯ ಚಿತ್ರಗಳಲ್ಲೊಂದು ಇದು. ಬರೆದವನು ಭಕ್ತನಲ್ಲ, ಗೇಲಿ ಮಾಡಿದವನು!

ಗೇಲಿಗೆ ಕಾರಣವಿತ್ತು. ಶಿಲುಬೆ ಎಂದರೆ ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಸಾವು. ಸ್ಪಾರ್ಟಕಸ್‌ನ ದಂಗೆಯನ್ನು ಕ್ರಿ.ಪೂ. 71ರಲ್ಲಿ ಬಗ್ಗುಬಡಿದ ಮೇಲೆ ಕ್ಯಾಪುವಾದಿಂದ ರೋಮಿನವರೆಗೆ ದಾರಿಯುದ್ದಕ್ಕೂ ಸುಮಾರು 6,000 ಮಂದಿಯನ್ನು ಹೀಗೆ ಕೊಂದರು. ಅಂಥ ಮರಕ್ಕೆ ಕೈಮುಗಿಯುವುದೆಂದರೆ ನೇಣುಗಂಬಕ್ಕೆ ಹೂಮಾಲೆ ಹಾಕಿದಂತೆ. ಅದಕ್ಕೇ ಇರಬೇಕು, ನೆಲದಡಿಯ ಸಮಾಧಿಗಳ ಗೋಡೆಗೆ ಮೊದಮೊದಲ ಕ್ರೈಸ್ತರು ಬರೆದದ್ದು ಮೀನು, ಲಂಗರು, ಕುರಿ ಹೊತ್ತ ಕುರುಬನನ್ನು. ರೋಮಿನ ಸಾಂತಾ ಸಬೀನಾ ಚರ್ಚಿನ ಮರದ ಬಾಗಿಲಲ್ಲಿ ಆ ಸಾವು ಮೂಡಲು 5ನೇ ಶತಮಾನವೇ ಬರಬೇಕಾಯಿತು. ಅಲ್ಲೂ ಯೇಸು ಕಣ್ಣು ತೆರೆದೇ ನಿಂತಿದ್ದಾನೆ, ಬೆನ್ನ ಹಿಂದಿನ ಮರ ಕಂಡೂ ಕಾಣದಂತಿದೆ.

ಆತ ಸತ್ತದ್ದು ನಮಗಾಗಿ ಎಂಬುದರಲ್ಲಿ ಕ್ರೈಸ್ತರಿಗೆ ಭಿನ್ನಾಭಿಪ್ರಾಯವಿಲ್ಲ. ಒಬ್ಬನ ಸಾವು ಇನ್ನೊಬ್ಬರನ್ನು ಉಳಿಸುವುದು ಹೇಗೆ ಎಂಬಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. 4ನೇ ಶತಮಾನದ ನಿಸ್ಸಾದ ಗ್ರೆಗರಿಯದು ಬೆಸ್ತರ ಲೆಕ್ಕ: ಯೇಸುವಿನ ದೇಹ ಎರೆ, ಒಳಗಿದ್ದ ದೈವತ್ವ ಗಾಳ. ಮನುಷ್ಯರನ್ನು ಸೆರೆಹಿಡಿದಿದ್ದ ಸೈತಾನ ಎರೆಯ ಆಸೆಗೆ ಬಾಯಿ ಹಾಕಿ ಸಿಕ್ಕಿಬಿದ್ದ. ಕಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್‌ಗೆ ಈ ಮೋಸದಾಟ ಹಿಡಿಸಲಿಲ್ಲ. 1098ರಲ್ಲಿ ಮುಗಿಸಿದ ಗ್ರಂಥದಲ್ಲಿ ಆತ ಸಾಲದ ಲೆಕ್ಕ ತೆಗೆದ. ದೇವರಿಗೆ ಸಲ್ಲಬೇಕಾದ ಗೌರವವನ್ನು ಮನುಷ್ಯ ಬಾಕಿ ಉಳಿಸಿಕೊಂಡ, ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು, ಆದ್ದರಿಂದ ಎರಡೂ ಆದವನೇ ಬರಬೇಕಾಯಿತು. ಒಡೆಯ-ಒಕ್ಕಲುಗಳ ಕಾಲದಲ್ಲಿ ಇದು ಸಲೀಸಾಗಿ ತಲೆಗೆ ಹೋಗುವ ತರ್ಕ. ಸ್ವಲ್ಪ ಕಾಲದಲ್ಲೇ ಪ್ಯಾರಿಸ್ಸಿನ ಪಂಡಿತ ಅಬೆಲಾರ್ಡ್, ಆ ಸಾವಿನಲ್ಲಿ ಕಂಡ ಪ್ರೀತಿ ನೋಡಿದವರ ಎದೆ ಕರಗಿಸುತ್ತದೆ, ಬದಲಾವಣೆ ಆಗುವುದು ಅಲ್ಲಿ ಎಂದ. ನನಗೆ ಒಗ್ಗುವುದು ಇದು. ಆದರೆ ನೋಡುವವರೇ ಇಲ್ಲದ ಸಾವಿಗೆ ಏನರ್ಥ ಎಂದು ಕೇಳಿದರೆ ಈ ಉತ್ತರವೂ ತಡವರಿಸುತ್ತದೆ.

381ರ ಕ್ರೈಸ್ತ ಸಭೆಯ ವಿಶ್ವಾಸಪ್ರಮಾಣವಂತೂ ‘ನಮಗಾಗಿ’ ಎಂದಷ್ಟೇ ಹೇಳಿ ಸುಮ್ಮನಾಗಿತ್ತು, ಹೇಗೆಂಬ ಗೋಜಿಗೆ ಹೋಗಲಿಲ್ಲ.

ಅದೇ ಅರಮನೆಯ ಪಕ್ಕದ ಕೋಣೆಯಲ್ಲಿ, ಬೇರೊಂದು ಕೈಬರಹದಲ್ಲಿ, ಎರಡೇ ಪದಗಳ ಇನ್ನೊಂದು ಗೀಚು ಸಿಕ್ಕಿದೆ: ‘ಅಲೆಕ್ಸಮೆನೋಸ್ ನಂಬಿಗಸ್ತ.’