ವೀರನಿಗೊಂದು ರಟ್ಟಿನ ಕವಚ

ನವೆಂಬರ್ ಬಂತೆಂದರೆ ನಮ್ಮ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಶಾಲೆಗಳಲ್ಲಿ ವೀರರ ಜಾತ್ರೆ. ರಾಜ್ಯೋತ್ಸವದ ಛದ್ಮವೇಷ ಸ್ಪರ್ಧೆಗೆ ಒಬ್ಬಳು ಕಿತ್ತೂರು ಚೆನ್ನಮ್ಮ, ಒಬ್ಬ ಕೆಂಪೇಗೌಡ, ಮತ್ತೊಬ್ಬ ಗದೆ ಹೊತ್ತ ಭೀಮ. ಒನಕೆ ಓಬವ್ವನಾಗುವವಳ ಮನೆಯವರು ಪುಣ್ಯವಂತರು. ಒಂದು ಸೀರೆ, ಒಂದು ಒನಕೆ ಇದ್ದರೆ ಸಾಕು. ಉಳಿದವರಿಗೆ ಕವಚ ಬೇಕು, ಶಿರಸ್ತ್ರಾಣ ಬೇಕು.

ಇವನ್ನು ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ತರುವುದುಂಟು. ಆದರೆ ಅವರ ಸಾಮಾನು ಬಹುಪಾಲು ದೊಡ್ಡವರ ಅಳತೆಯದು. ರಾತ್ರಿಯಿಡೀ ದುರ್ಯೋಧನ ತೊಟ್ಟ ಕಿರೀಟ ಬೆಳಗ್ಗೆ ಆರು ವರ್ಷದ ಮಗುವಿನ ತಲೆಗೆ ಬಂದರೆ ಮೂಗಿನವರೆಗೆ ಇಳಿಯುತ್ತದೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಕಿರೀಟ ಹಿಡಿದ ಮಗು ಕಲಿತ ಮಾತು ಮರೆತು ಅತ್ತುಬಿಡುತ್ತದೆ. ಮುಂದಿನ ವರ್ಷ ಅದು ವೇದಿಕೆ ಹತ್ತಲು ಹಿಂಜರಿದರೆ ತಪ್ಪು ಮಗುವಿನದಲ್ಲ. ಮೈಯಳತೆಗೆ ಮನೆಯಲ್ಲೇ ಮಾಡಿದರೆ ಈ ಪಾಡಿಲ್ಲ.

ಮಕ್ಕಳೇ, ಯುರೋಪಿನ ಯೋಧರ ಪೂರ್ತಿ ಉಕ್ಕಿನ ಕವಚ ಸುಮಾರು 15ರಿಂದ 25 ಕಿಲೋ ತೂಗುತ್ತಿತ್ತು. ಅಂದರೆ ನಿಮ್ಮಲ್ಲಿ ಕೆಲವರ ತೂಕದಷ್ಟು! ರಂಗದ ಕವಚ ಹಾಗಿರಲಾರದು. ಅದನ್ನು ತೊಟ್ಟು ಕುಣಿಯಬೇಕು, ಹಾಡಬೇಕು. ಕರಾವಳಿಯ ಯಕ್ಷಗಾನದಲ್ಲಿ ಕಿರೀಟ, ಭುಜಕೀರ್ತಿ, ಎದೆಯ ಆಭರಣಗಳನ್ನು ಹಗುರವಾದ ಮರದಲ್ಲಿ ಕೆತ್ತಿ, ಬಣ್ಣದ ತಗಡುಹಾಳೆ ಅಂಟಿಸಿ, ಕನ್ನಡಿ ಚೂರು ಕೂರಿಸುತ್ತಾರೆ. ನಮ್ಮ ಸೀಮೆಯ ಕೇಳಿಕೆಯಾಟದಲ್ಲೂ ರಾಜನಿಗೆ ಕಿರೀಟ, ಭುಜಕೀರ್ತಿ ಬೇಕೇ ಬೇಕು. ಕಣ್ಣಿಗೆ ಭಾರ, ಮೈಗೆ ಹಗುರ: ವೇಷದ ಗುಟ್ಟು ಇಷ್ಟೇ.

ಇಂದಿನ ಹುಡುಗರು ‘ಕಾಸ್‌ಪ್ಲೇ’ ಎನ್ನುವುದೂ ಇದಕ್ಕೇ. ಕಥೆಯ ಪಾತ್ರದಂತೆ ವೇಷ ತೊಟ್ಟು ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೋಗುತ್ತಾರೆ. ಆ ಹೆಸರು ಹುಟ್ಟಿದ್ದು 1980ರ ದಶಕದ ಜಪಾನಿನಲ್ಲಿ. ಅದಕ್ಕೂ ಮೊದಲೇ, 1939ರಲ್ಲಿ, ನ್ಯೂಯಾರ್ಕಿನಲ್ಲಿ ವಿಜ್ಞಾನಕಥೆ ಪ್ರಿಯರ ಮೊದಲ ವಿಶ್ವ ಸಮ್ಮೇಳನ ನಡೆದಾಗ ಮರ್ಟಲ್ ಡಗ್ಲಸ್ ಎಂಬ ಮಹಿಳೆ ಭವಿಷ್ಯದ ಜನರ ಉಡುಪು ಸಿದ್ಧಪಡಿಸಿ ತೊಟ್ಟಿದ್ದರು; ಗೆಳೆಯ ಫಾರೆಸ್ಟ್ ಆಕರ್‌ಮನ್‌ಗೂ ಮಾಡಿಕೊಟ್ಟಿದ್ದರು. ಅಂಗಡಿಯಲ್ಲಿ ಸಿಗದ್ದನ್ನು ಕೈಯಾರೆ ಮಾಡಿಕೊಳ್ಳುವುದು ಅಲ್ಲಿಯೂ ಮೊದಲಿನಿಂದ ಬಂದ ರೂಢಿ.

ಇನ್ನು ಕೆಲಸಕ್ಕೆ ಕೂರೋಣ. ಚಾಕು, ಕತ್ತರಿ ಅಜ್ಜ-ಅಜ್ಜಿಯರ ಕೈಯಲ್ಲಿರಲಿ. ಅಂಟು, ಬಣ್ಣ ಮಕ್ಕಳ ಪಾಲಿಗೆ.

ಮೊದಲು ಶಿರಸ್ತ್ರಾಣ. ಮಗುವಿನ ಹಣೆಯ ಸುತ್ತ ದಾರ ಹಿಡಿದು ಅಳತೆ ತೆಗೆದು, ಎರಡು ಬೆರಳು ಹೆಚ್ಚಿಗೆ ಬಿಡಿ. ಅಷ್ಟು ದಪ್ಪಕ್ಕೆ ಬಲೂನು ಊದಿ. ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಕುದಿಸಿ, ಅಂಟು ಮಾಡಿಕೊಳ್ಳಿ. ಹಳೆಯ ಪತ್ರಿಕೆಯ ಪಟ್ಟಿಗಳನ್ನು ಅದರಲ್ಲಿ ಅದ್ದಿ ಬಲೂನಿನ ಮೇಲರ್ಧಕ್ಕೆ ಐದಾರು ಪದರ ಅಂಟಿಸಿ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಬಿಸಿಲಿಗಿಟ್ಟರೆ ಬಲೂನು ಹಿಗ್ಗಿ ಒಡೆದೀತು, ನೆರಳಲ್ಲೇ ಒಣಗಲಿ. ಎರಡು ಮೂರು ದಿನ ಕಾಯಬೇಕು. ಆಮೇಲೆ ಬಲೂನು ಒಡೆದು, ಅಂಚು ಕತ್ತರಿಸಿ, ಒಳಗೆ ಹಳೆಯ ಪಂಚೆಯ ಬಟ್ಟೆ ಅಂಟಿಸಿ. ಕಣ್ಣು, ಕಿವಿ, ಮೂಗು ಮೂರೂ ತೆರೆದಿರಬೇಕು.

ಎದೆಗವಚಕ್ಕೆ ಟಿ.ವಿ. ಬಂದ ರಟ್ಟಿನ ಡಬ್ಬ ಸಾಕು. ರಟ್ಟಿನೊಳಗಿನ ಗೀರುಗಳು ಮೇಲಿನಿಂದ ಕೆಳಕ್ಕೆ ಬರುವಂತೆ ಕತ್ತರಿಸಿದರೆ ಅದು ಮೈಗೆ ತಕ್ಕಂತೆ ಬಾಗುತ್ತದೆ, ಅಡ್ಡಕ್ಕಿದ್ದರೆ ಮುರಿಯುತ್ತದೆ. ಎದೆಗೊಂದು, ಬೆನ್ನಿಗೊಂದು ತುಂಡು. ಹೆಗಲಲ್ಲೂ ಪಕ್ಕೆಯಲ್ಲೂ ಲಾಡಿ. ಕಂಕುಳ ಬಳಿ ಧಾರಾಳವಾಗಿ ಕತ್ತರಿಸಿ, ಕತ್ತಿ ಎತ್ತಬೇಕಲ್ಲ! ತೆಳು ರಟ್ಟಿನಲ್ಲಿ ವೀಳ್ಯದೆಲೆಯಾಕಾರದ ಬಿಲ್ಲೆಗಳನ್ನು ಕತ್ತರಿಸಿ ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ, ಒಂದರ ಮೇಲೊಂದು ಬರುವಂತೆ ಅಂಟಿಸಿ.

ಶಿಡ್ಲಘಟ್ಟದ ಕಡೆಯವರಿಗೆ ಒಂದು ಅನುಕೂಲ ಹೆಚ್ಚು. ನೂಲಿಗೆ ಬಾರದ ತೂತು ಬಿದ್ದ ರೇಷ್ಮೆಗೂಡು ಸಿಕ್ಕರೆ ನಡುವೆ ಅಡ್ಡಕ್ಕೆ ಕತ್ತರಿಸಿ. ಒಳಗೇನೂ ಉಳಿಯದಂತೆ ಒರೆಸಿ, ಕವಚದ ಅಂಚಿಗೆ ಸಾಲಾಗಿ ಬೋರಲು ಅಂಟಿಸಿ ಚಿನ್ನದ ಬಣ್ಣ ಬಳಿದರೆ ಕಂಚಿನ ಗುಬುಟುಗಳೇ! ತೂಕ ಮಾತ್ರ ಹೂವಿನಷ್ಟು.

ಬಣ್ಣಕ್ಕೂ ಒಂದು ಉಪಾಯವಿದೆ. ಮೊದಲು ಪೂರ್ತಿ ಕಪ್ಪು ಬಳಿಯಿರಿ. ಒಣಗಿದ ಮೇಲೆ ಬಟ್ಟೆಯ ತುದಿಗೆ ಬೆಳ್ಳಿ ಬಣ್ಣ ಚೂರೇ ಚೂರು ಹಚ್ಚಿ, ಉಬ್ಬಿದ ಕಡೆ ಮಾತ್ರ ಸವರಿ. ತಗ್ಗಿನಲ್ಲಿ ಕಪ್ಪು ಉಳಿದು, ರಟ್ಟು ಹಳೆಯ ಕಬ್ಬಿಣದಂತೆ ಕಾಣುತ್ತದೆ. ಕೈಗೆ ಹಳೆಯ ಸ್ವೆಟರಿನ ತೋಳನ್ನಷ್ಟೇ ಕತ್ತರಿಸಿ ಬೆಳ್ಳಿ ಬಣ್ಣ ಸವರಿದರೆ ಹೆಣಿಗೆಯೇ ಸರಪಳಿ ಕವಚವಾಗುತ್ತದೆ. ಇಡೀ ಸ್ವೆಟರ್ ಬೇಡ, ಮಗು ಬೆವೆತು ಬಳಲುತ್ತದೆ.

ಥರ್ಮೋಕೋಲ್ ಸುಲಭವೆಂದು ಕೆಲವರು ಅದನ್ನೇ ಬಳಸುತ್ತಾರೆ. ಅದು ಬೇಗ ಬೆಂಕಿ ಹಿಡಿಯುತ್ತದೆ; ಸ್ಪ್ರೇ ಬಣ್ಣ ತಗುಲಿದರೆ ಕರಗುತ್ತದೆ. ರಟ್ಟೂ ಕಾಗದವೇ, ಆದ್ದರಿಂದ ವೇಷ ತೊಟ್ಟ ಮಗುವನ್ನು ಉರಿಯುವ ದೀಪದ ಹತ್ತಿರ ಬಿಡಬೇಡಿ. ಲಾಡಿಯನ್ನು ಎಳೆದರೆ ಬಿಚ್ಚುವಂತೆ ಕಟ್ಟಿ, ಕಗ್ಗಂಟು ಹಾಕಬೇಡಿ.

ಸ್ಪರ್ಧೆಯ ಹಿಂದಿನ ದಿನ ಮಗು ಪೂರ್ತಿ ವೇಷದಲ್ಲಿ ಅರ್ಧ ಗಂಟೆ ಮನೆಯಲ್ಲಿ ಓಡಾಡಲಿ. ಕೂರಲಿ, ಏಳಲಿ, ನೀರು ಕುಡಿಯಲಿ, ಕಲಿತ ಮಾತನ್ನು ಜೋರಾಗಿ ಹೇಳಲಿ. ಎಲ್ಲಿ ಚುಚ್ಚಿತೆಂದು ಅದೇ ಹೇಳುತ್ತದೆ. ಅಲ್ಲಿ ಕತ್ತರಿ ಆಡಿಸಿ, ಹತ್ತಿ ಇಡಿ. ಬಹುಮಾನ ಬರಲಿ ಬಿಡಲಿ, ನಗುನಗುತ್ತಾ ಇಳಿದು ಬಂದರೆ ಕವಚ ಸಾರ್ಥಕ.

ಬ್ಯಾಂಕಿನಲ್ಲಿ ಲೆಜರ್ ಬರೆದವನಾದ್ದರಿಂದ ಕೊನೆಗೊಂದು ಮಾತು. ಕವಚದ ಒಳಮೈಯಲ್ಲಿ ಮಗುವಿನ ಹೆಸರು, ವಯಸ್ಸು, ತಲೆಯ ಅಳತೆ, ತಾರೀಖು ಬರೆದು, ಇಲಿ ಮುಟ್ಟದ ಕಡೆ ತೂಗುಹಾಕಿ. ಮುಂದಿನ ವರ್ಷ ನಿಮ್ಮ ವೀರ ಬೆಳೆದಿರುತ್ತಾನೆ. ಪಕ್ಕದ ಮನೆಯ ಚಿಕ್ಕ ವೀರನಿಗೆ ಅದು ಸರಿಹೊಂದೀತು. ಅವನ ಹೆಸರಿಗೂ ಒಂದು ಸಾಲು ಜಾಗ ಬಿಟ್ಟಿರಿ.